ಕೂಗಿದರೆ ತಿರುಗದ ಶಿಲ್ಪ

ಕೇಳುಗರೆ, ನಮಸ್ಕಾರ. ಭೌತಿಕ ವಸ್ತುವನ್ನೂ ಡಿಜಿಟಲ್ ಲೋಕವನ್ನೂ ಒಂದೇ ಸೂರಿನಡಿ ತರುವ ಸಮೂಹ ಕಲಾಪ್ರದರ್ಶನಗಳು ಈಗ ಅಪರೂಪವಲ್ಲ. ಗೋಡೆಗೆ ನಾಲ್ಕು ಪರದೆ ತೂಗುಹಾಕಿ ಅದನ್ನೇ ಡಿಜಿಟಲ್ ಕಲೆ ಎನ್ನುವುದೂ ಉಂಟು. ಇಂಥ ಪ್ರದರ್ಶನಗಳಿಗೆ ಹಾದಿ ಮಾಡಿಕೊಟ್ಟವುಗಳಲ್ಲೊಂದು, 1968ರ ಆಗಸ್ಟ್ 2ರಿಂದ ಅಕ್ಟೋಬರ್ 20ರವರೆಗೆ ಲಂಡನ್ನಿನ ಐಸಿಎ ಕಲಾಸಂಸ್ಥೆಯಲ್ಲಿ ನಡೆದ, ಕಂಪ್ಯೂಟರನ್ನೂ ಕಲೆಯನ್ನೂ ಒಟ್ಟಿಗೆ ತಂದ 'ಸೈಬರ್ನೆಟಿಕ್ ಸೆರೆಂಡಿಪಿಟಿ'. ಜರ್ಮನ್ ದಾರ್ಶನಿಕ ಮ್ಯಾಕ್ಸ್ ಬೆನ್ಸ 1965ರಲ್ಲಿ ಕೊಟ್ಟ ಸಲಹೆಯ ಎಳೆ ಹಿಡಿದು ಅದನ್ನು ರೂಪಿಸಿದವರು ಯಾಶಾ ರೈಕಾರ್ಟ್.

ಆಗಿನ ಬಹುಪಾಲು ಕಂಪ್ಯೂಟರುಗಳಿಗೆ ಚಿತ್ರ ತೋರಿಸುವ ಪರದೆಯೇ ಇರಲಿಲ್ಲ. ಲೆಕ್ಕ ಚಿತ್ರವಾಗಬೇಕಾದರೆ ಪ್ಲಾಟರ್ ಎಂಬ ಯಂತ್ರ ಪೆನ್ನು ಹಿಡಿದು ಕಾಗದದ ಮೇಲೆ ಗೆರೆ ಎಳೆಯಬೇಕಿತ್ತು. ಅಮೆರಿಕದ ಕಲಾವಿದ ಚಾರ್ಲ್ಸ್ ಸೂರಿಯವರ ಚಿತ್ರಗಳು ಪ್ರೇಕ್ಷಕರ ಮುಂದೆ ಬಂದದ್ದು ಹೀಗೆ, ಶಾಯಿಯಾಗಿ. ಬ್ರಿಟನ್ನಿನ ವಿಜ್ಞಾನಿ ಗಾರ್ಡನ್ ಪಾಸ್ಕ್ ತೂಗುಬಿಟ್ಟಿದ್ದ ಐದು ಆಕೃತಿಗಳು ಬೆಳಕು ಮತ್ತು ಸದ್ದಿನ ಮೂಲಕ ತಮ್ಮತಮ್ಮಲ್ಲೇ ಸಂಭಾಷಿಸುತ್ತಿದ್ದವು.

ನನ್ನ ಮಟ್ಟಿಗೆ ಅಲ್ಲಿದ್ದುದರಲ್ಲೆಲ್ಲ ಶ್ರೇಷ್ಠವಾದದ್ದು ಪೋಲೆಂಡ್ ಮೂಲದ ಶಿಲ್ಪಿ ಎಡ್ವರ್ಡ್ ಇಹ್ನಾಟೊವಿಚ್ ಅವರ 'ಸ್ಯಾಮ್'. ಬೆನ್ನುಮೂಳೆಯಂತೆ ಒಂದರ ಮೇಲೊಂದು ಕೂರಿಸಿದ ಅಲ್ಯೂಮಿನಿಯಂ ತುಂಡುಗಳು, ತುದಿಯಲ್ಲಿ ಹೂವಿನಾಕಾರದ ತಲೆ, ಅದರಲ್ಲಿ ನಾಲ್ಕು ಮೈಕ್ರೊಫೋನುಗಳು. ಯಾರಾದರೂ ಗಟ್ಟಿಯಾಗಿ ಕೂಗಿದರೆ ಅದು ಲಕ್ಷ್ಯಗೊಡುತ್ತಿರಲಿಲ್ಲ. ಮೆಲುವಾಗಿ, ಎಡೆಬಿಡದೆ ಬರುವ ದನಿಯತ್ತ ಮಾತ್ರ ತಿರುಗಿ ಬಾಗುತ್ತಿತ್ತು. ಬಾನುಲಿಯವರ ಸಮಸ್ವರ ಅದಕ್ಕೆ ಹಿಡಿಸುತ್ತಿತ್ತೇನೋ! ಕಂಪ್ಯೂಟರಿನ ಹೆಸರಿನಲ್ಲಿ ನಡೆದ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಜೀವಂತವಾಗಿ ಕಂಡ ಈ ಶಿಲ್ಪದೊಳಗೆ ಕಂಪ್ಯೂಟರೇ ಇರಲಿಲ್ಲ, ಅಂಕಿಗಳ ಲೆಕ್ಕವಿಲ್ಲದೆ ವಿದ್ಯುತ್ತಿನ ಏರಿಳಿತದಿಂದಲೇ ಕೆಲಸ ಮಾಡುವ ಸರಳವಾದ ಅನಲಾಗ್ ಸರ್ಕಿಟ್ ಇತ್ತು ಎಂಬುದನ್ನು ನಾವು ಗಮನಿಸಬೇಕು. ಪಕ್ಕದ ಟಿಪ್ಪಣಿ ಓದದೆ ಯಾವುದು ಕಲಾವಿದನದು, ಯಾವುದು ಎಂಜಿನಿಯರನದು ಎಂದು ತಿಳಿಯಬಾರದೆಂಬ ರೈಕಾರ್ಟ್ ಅವರ ಆಶಯ ಇಲ್ಲಿ ಪೂರ್ಣವಾಗಿ ಕೈಗೂಡಿತ್ತು.

ಇಹ್ನಾಟೊವಿಚ್ ಕಂಪ್ಯೂಟರನ್ನು ಕೈಗೆತ್ತಿಕೊಂಡದ್ದು ಮುಂದಿನ ಕೃತಿಯಲ್ಲಿ. 1970ರಲ್ಲಿ ನೆದರ್ಲೆಂಡ್ಸಿನ ಐಂಡ್‌ಹೋವನ್ನಿನಲ್ಲಿ ಫಿಲಿಪ್ಸ್ ಕಂಪನಿಯ ಪ್ರದರ್ಶನಾಲಯದಲ್ಲಿ ನಿಂತ 'ಸೆನ್‌ಸ್ಟರ್' ಸುಮಾರು 15 ಅಡಿ ಉದ್ದದ ಉಕ್ಕಿನ ಪ್ರಾಣಿ. ಮೆಲುದನಿಗೆ ಹತ್ತಿರ ಬರುತ್ತಿತ್ತು, ಗದ್ದಲಕ್ಕೆ ಹಿಂಜರಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಕಳಚಿದಾಗ ಉಳಿದುಕೊಂಡದ್ದು ಉಕ್ಕಿನ ಅಸ್ಥಿಪಂಜರ ಮಾತ್ರ. ಪೋಲೆಂಡಿನ ಕ್ರಾಕೋವ್ ನಗರದ ಎಜಿಎಚ್ ವಿಶ್ವವಿದ್ಯಾಲಯ 2017ರಲ್ಲಿ ಅದನ್ನು ಕೊಂಡು, ನಿಯಂತ್ರಣ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿ, ಮರುವರ್ಷ ಮತ್ತೆ ಚಾಲನೆಗೆ ತಂದಿತು. ನಮಸ್ಕಾರ.