ನೀರುಗಂಟಿ ಕೆಲಸ ಬಿಡುವ ಮುನ್ನ

ಕೇಳುಗರಿಗೆ ನಮಸ್ಕಾರ.

ಕೋಲಾರ ಜಿಲ್ಲೆಯ ಬಹಳಷ್ಟು ಹಳ್ಳಿಗಳಲ್ಲಿ ಕುಡಿಯುವ ನೀರಿನ ಪೈಪ್‌ಲೈನಿನ ಪೂರ್ತಿ ನಕ್ಷೆ ಇರುವುದು ಬೀದಿ ಬೀದಿಗೆ ನೀರು ಬಿಡುವ ನೀರುಗಂಟಿಯ ತಲೆಯಲ್ಲಿ. ಯಾವ ವಾಲ್ವ್ ಯಾವ ಬೀದಿಗೆ, ಸಿ.ಸಿ. ರಸ್ತೆ ಹಾಕಿದಾಗ ಯಾವ ಚೇಂಬರ್ ಕಾಂಕ್ರೀಟಿನಡಿ ಹೂತುಹೋಯಿತು, ದಿನ್ನೆಯ ಮನೆಗಳಿಗೆ ನೀರು ಹತ್ತಬೇಕಾದರೆ ತಗ್ಗಿನ ವಾಲ್ವನ್ನು ಎಷ್ಟು ಸುತ್ತು ಬಿಗಿಯಬೇಕು, ಎಲ್ಲವೂ ಅವರಿಗೆ ಗೊತ್ತು. ಕೆಲಸ ಬಿಡುವ ದಿನ ಅವರಿಂದ ಚಾರ್ಜ್ ತೆಗೆದುಕೊಳ್ಳುವುದು ಮಾತ್ರ ಪಂಪ್‌ಹೌಸಿನ ಬೀಗದಕೈ, ವಾಲ್ವ್ ಕೀ, ಒಂದು ಸ್ಪ್ಯಾನರ್. ಪಟ್ಟಿಗೆ ಸಹಿಯಾಗುತ್ತದೆ. ಕಳೆದದ್ದೇನೆಂದು ಗೊತ್ತಾಗುವುದು ಬೇಸಿಗೆಯಲ್ಲಿ, ಕೊನೆಯ ಬೀದಿಯವರು ಖಾಲಿ ಬಿಂದಿಗೆ ಹಿಡಿದು ಪಂಚಾಯಿತಿ ಮುಂದೆ ಕೂತಾಗ.

ಜಪಾನಿನ ಹಿತೋತ್ಸುಬಾಶಿ ವಿಶ್ವವಿದ್ಯಾಲಯದ ಇಕುಜಿರೊ ನೊನಾಕಾ ಮತ್ತು ಹಿರೊತಾಕಾ ತಾಕೆಯುಚಿ ಕೈಗೆ ಗೊತ್ತಿದ್ದೂ ಬಾಯಿಗೆ ಬಾರದ ಇಂಥ ಜ್ಞಾನದ ಬಗ್ಗೆಯೇ 1995ರಲ್ಲಿ ಬರೆದರು. ಅವರು ಕೊಟ್ಟ ಒಂದು ಉದಾಹರಣೆ ಬ್ರೆಡ್ ಮಾಡುವ ಯಂತ್ರದ್ದು. ಹಿಟ್ಟು ಸರಿಯಾಗಿ ನಾದಿಕೊಳ್ಳುತ್ತಿರಲಿಲ್ಲ. ಕಂಪನಿಯ ಉದ್ಯೋಗಿಯೊಬ್ಬರು ಹೋಟೆಲಿನ ಬಾಣಸಿಗನ ಕೈಕೆಳಗೆ ಕಲಿಯಲು ನಿಂತರು. ಆತ ಹಿಟ್ಟನ್ನು ಎಳೆಯುತ್ತಲೇ ತಿರುಚುವುದು ಆಗ ಅವರ ಕಣ್ಣಿಗೆ ಬಿತ್ತು. ಬಾಯಿಬಿಟ್ಟು ಕೇಳಿದ್ದರೆ ಬಾಣಸಿಗ ಅದನ್ನು ಹೇಳುತ್ತಿದ್ದನೋ ಇಲ್ಲವೋ!

ಆದ್ದರಿಂದ ‘ನಿಮಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ’ ಎಂದು ನೀರುಗಂಟಿಯ ಕೈಗೆ ನೋಟ್‌ಬುಕ್ ಕೊಟ್ಟರೆ ಪ್ರಯೋಜನ ಕಡಿಮೆ. ಹೊಸಬರನ್ನು ಕನಿಷ್ಠ ಆರು ತಿಂಗಳು ಮೊದಲೇ ಜೊತೆಗೆ ಬಿಡಬೇಕು. ಆ ಅವಧಿಯಲ್ಲಿ ಬೇಸಿಗೆ ಬರಲೇಬೇಕು, ಮಳೆಗಾಲದಲ್ಲಿ ಎಲ್ಲರ ಲೈನೂ ಚೆನ್ನಾಗಿಯೇ ಇರುತ್ತದೆ. ಮೊದಲ ಮೂರು ತಿಂಗಳು ಹಳಬರು ಮಾಡುವುದು, ಹೊಸಬರು ನೋಡುವುದು. ಆಮೇಲೆ ಕೀ ಹೊಸಬರ ಕೈಗೆ. ಹಳಬರು ಸುಮ್ಮನೆ ಪಕ್ಕದಲ್ಲಿರಬೇಕು. ಇದೇ ಕಷ್ಟದ ಭಾಗ, ತಡೆಯಲಾರದೆ ಕೀ ಕಿತ್ತುಕೊಳ್ಳುತ್ತಾರೆ.

ಕೇಳುವ ಪ್ರಶ್ನೆಯೂ ಮುಖ್ಯ. ‘ಮೋಟಾರು ಹೇಗೆ ನೋಡಿಕೊಳ್ಳುತ್ತೀರಿ?’ ಎಂದರೆ ‘ಏನಿದೆ ಸ್ವಾಮಿ, ಸ್ವಿಚ್ ಹಾಕೋದು’ ಎನ್ನುತ್ತಾರೆ. ‘ಹೋದ ಸಲ ಮೋಟಾರು ಸುಟ್ಟಾಗ ಮೊದಲು ಅನುಮಾನ ಬಂದದ್ದು ಯಾವುದರಿಂದ?’ ಎಂದು ಕೇಳಿ. ಪೈಪಿನ ಮೇಲೆ ಕೈಯಿಟ್ಟಾಗ ನೀರಿನ ಜೊತೆ ಗಾಳಿ ಬರುತ್ತಿದ್ದ ಅದುರು, ಮೋಟಾರು ಎಳೆಯುವ ಕರೆಂಟು ತೋರಿಸುವ ಆಂಪಿಯರ್ ಮುಳ್ಳು ಇಳಿದಿದ್ದು ಆಗ ಹೊರಗೆ ಬರುತ್ತವೆ. ಬರೆಯಬೇಕಾದದ್ದು ಇದನ್ನು: ಮೋಟಾರು ಸರಿಯಾಗಿ ಓಡುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಪ್ಯಾನೆಲ್ ಬೋರ್ಡಿನ ಬಾಗಿಲ ಒಳಗೇ ಬರೆದಿಡಿ. ಅದಕ್ಕಿಂತ ತುಂಬಾ ಇಳಿದರೆ ಬೋರ್‌ವೆಲ್‌ನಲ್ಲಿ ನೀರು ಕೆಳಗೆ ಹೋಗಿ ಪಂಪು ಒಣಗಿ ಓಡುತ್ತಿರಬಹುದು. ವೋಲ್ಟೇಜ್ ಬಿದ್ದರೆ ಅಥವಾ ಪಂಪು ಜಾಮ್ ಆದರೆ ಮುಳ್ಳು ಏರುತ್ತದೆ. ಯಾವುದೇ ಇರಲಿ, ಆಫ್ ಮಾಡದೆ ಬಿಟ್ಟರೆ ಮೋಟಾರಿನೊಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸುಡುತ್ತದೆ. ವಾಲ್ವುಗಳಿಗೆ ಹತ್ತಿರದ ಗೋಡೆಯ ಮೇಲೆ ಬಣ್ಣದಲ್ಲಿ ನಂಬರು, ಗೋಡೆಯಿಂದ ಎಷ್ಟು ಅಡಿ ಎಂಬುದು ಸಾಕು. ವಾಲ್ವನ್ನು ನಿಧಾನ ತಿರುಗಿಸುವುದನ್ನು ಮಾತ್ರ ಕೈಯಿಂದಲೇ ಕಲಿಯಬೇಕು. ಥಟ್ಟನೆ ಮುಚ್ಚಿದರೆ ನೀರಿನ ಹೊಡೆತಕ್ಕೆ ಜಾಯಿಂಟು ಬಿಡುತ್ತದೆ.

ಇನ್ನು ಮೇಲಿರುವವರ ಪಾಲು. ಹಾರ್ವರ್ಡ್ ವಿಶ್ವವಿದ್ಯಾಲಯದ ಏಮಿ ಎಡ್ಮಂಡ್ಸನ್ 1999ರಲ್ಲಿ ಒಂದು ಕಾರ್ಖಾನೆ ಕಂಪನಿಯ 51 ತಂಡಗಳ ಅಧ್ಯಯನ ಪ್ರಕಟಿಸಿದರು. ತಪ್ಪು ಹೇಳಿಕೊಂಡರೆ ಅವಮಾನವಾಗದು ಎಂಬ ನಂಬಿಕೆ ಇರುವ ತಂಡಗಳೇ ಹೆಚ್ಚು ಕಲಿಯುತ್ತವೆ ಎಂದು ಅದರಲ್ಲಿ ಕಂಡಿತು. ಪೈಪು ಒಡೆದ ದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಸಾಹೇಬರು ‘ಯಾರು ಮಾಡಿದ್ದು?’ ಎಂದು ಶುರುಮಾಡಿದರೆ, ಮುಂದಿನ ಸಲ ಒಡೆದದ್ದು ಮೂರು ದಿನ ಮುಚ್ಚಿಡಲ್ಪಡುತ್ತದೆ. ಹಳಬರೂ ಹೇಳಿಕೊಡಲು ಹಿಂಜರಿಯುತ್ತಾರೆ. ಹೇಳಿಕೊಟ್ಟ ಮರುದಿನವೇ ತನ್ನನ್ನು ಬಿಡಿಸಿಬಿಟ್ಟರೆ? ದಿನಗೂಲಿಯವರಿಗೆ ಆ ಭಯ ನ್ಯಾಯವಾದದ್ದೇ. ಕೆಲಸದ ಕೊನೆಯ ತಾರೀಖು ಇದೇ, ಅದಕ್ಕೆ ಮೊದಲು ಬಿಡಿಸುವುದಿಲ್ಲ, ಆಮೇಲೆ ಕರೆಸಿದರೆ ಕೂಲಿ ಉಂಟು ಎಂದು ಮೊದಲೇ ಮಾತು ಕೊಡಬೇಕು.

ಪಿಡಿಒ ಅವರೂ ವರ್ಗವಾಗುವವರೇ. ಸಭೆಯ ನಡಾವಳಿ ಪುಸ್ತಕದಲ್ಲಿ ತೀರ್ಮಾನ ಇರುತ್ತದೆ, ಬೇಡವೆಂದು ಬಿಟ್ಟ ದಾರಿ ಇರುವುದಿಲ್ಲ. ಪೈಪು ಕೆರೆ ಏರಿಯ ಪಕ್ಕದಲ್ಲಿ ನೇರ ಹೋಗದೆ ಊರು ಸುತ್ತಿ ಯಾಕೆ ಬಂತು ಎಂದು ಎರಡು ಸಾಲು ಬರೆದಿದ್ದರೆ, ಮುಂದಿನವರು ಅದೇ ನೇರ ದಾರಿಗೆ ಮತ್ತೊಮ್ಮೆ ಅಂದಾಜುಪಟ್ಟಿ ಮಾಡಿಸುವುದಿಲ್ಲ.