ಸೌನಾ ಸಹನೆಯ ಪರೀಕ್ಷೆಯಲ್ಲ

ಸ್ನೇಹಿತರೆ,

ಸೌನಾ ಎಂದರೆ ಒಲೆಯ ಮೇಲಿನ ಕಾದ ಕಲ್ಲುಗಳಿಂದ ಬಿಸಿಯೇರಿದ ಕೋಣೆಯಲ್ಲಿ ಕುಳಿತು ಬೆವರುವ ಫಿನ್ಲೆಂಡಿನ ಸ್ನಾನ. ಅಲ್ಲಿಂದ ಹೊರಬಂದವರನ್ನು ಜನ ಮೊದಲು ಕೇಳುವುದು ‘ಎಷ್ಟು ನಿಮಿಷ ಕುಳಿತಿದ್ದಿರಿ?’ ಎಂದು. ಹಾಯೆನಿಸಿತೇ ಎಂದು ಕೇಳುವವರು ಕಡಿಮೆ. ಈ ನಿಮಿಷಗಳ ಹುಚ್ಚಿನ ವಿರುದ್ಧ ಮಾತಾಡಲೆಂದೇ ನಾನು ಇಲ್ಲಿಗೆ ಬಂದಿದ್ದೇನೆ.

ಫಿನ್ಲೆಂಡಿನ ಹೈನೋಲ ಪಟ್ಟಣದಲ್ಲಿ 1999ರಿಂದ ‘ವಿಶ್ವ ಸೌನಾ ಚಾಂಪಿಯನ್‌ಷಿಪ್’ ನಡೆಯುತ್ತಿತ್ತು. ನಿಯಮ ಸರಳ. ಕೋಣೆಯ ಶಾಖ 110 ಡಿಗ್ರಿ ಸೆಲ್ಸಿಯಸ್, ಪ್ರತಿ 30 ಸೆಕೆಂಡಿಗೊಮ್ಮೆ ಕಲ್ಲಿನ ಮೇಲೆ ಅರ್ಧ ಲೀಟರ್ ನೀರು. ಎಲ್ಲರಿಗಿಂತ ಹೆಚ್ಚು ಹೊತ್ತು ಕುಳಿತು ಯಾರ ನೆರವೂ ಇಲ್ಲದೆ ಎದ್ದು ಬಂದವನೇ ವಿಜೇತ. 2010ರ ಆಗಸ್ಟ್‌ನಲ್ಲಿ ನಡೆದ ಫೈನಲ್‌ನಲ್ಲಿ ಕೊನೆಗೆ ಇಬ್ಬರು ಉಳಿದರು. ಒಬ್ಬರು ರಷ್ಯಾದವರು, ಇನ್ನೊಬ್ಬರು ಈ ಸ್ಪರ್ಧೆಯನ್ನು ಹಲವು ಬಾರಿ ಗೆದ್ದಿದ್ದ ಫಿನ್ಲೆಂಡಿನವರು. ಸುಮಾರು ಆರು ನಿಮಿಷಕ್ಕೆ ಇಬ್ಬರೂ ಕುಸಿದರು. ಹೊರಗೆಳೆದು ತರುವಾಗ ಮೈಮೇಲೆ ತೀವ್ರ ಸುಟ್ಟಗಾಯಗಳಿದ್ದವು. ರಷ್ಯಾದವರು ತೀರಿಕೊಂಡರು, ಫಿನ್ಲೆಂಡಿನವರು ದೀರ್ಘ ಚಿಕಿತ್ಸೆಯ ನಂತರ ಬದುಕುಳಿದರು. ಸ್ಪರ್ಧೆ ಅಲ್ಲಿಗೇ ನಿಂತುಹೋಯಿತು. ಗಮನಿಸಿ, ಆರೇ ನಿಮಿಷ! ಅವರು ಹೊಸಬರಲ್ಲ, ಪಳಗಿದವರು. ಎದ್ದು ಹೋಗಲು ಬಾಗಿಲೂ ಇತ್ತು. ಏಳಬಾರದೆಂಬ ಹಟವೊಂದೇ ಅವರನ್ನು ಅಲ್ಲಿ ಹಿಡಿದು ಕೂರಿಸಿತ್ತು.

ಇದರ ಹಿಂದಿನ ಭೌತಶಾಸ್ತ್ರವನ್ನೂ ನೋಡೋಣ. 80–90 ಡಿಗ್ರಿಯ ಗಾಳಿಯಲ್ಲಿ ಮನುಷ್ಯ ಆರಾಮವಾಗಿ ಕುಳಿತಿರಬಲ್ಲ. ಅಷ್ಟೇ ಬಿಸಿಯ ನೀರಿಗೆ ಬೆರಳು ತಾಗಿಸಲಾರ. ಗಾಳಿ ಒಣಗಿರುವುದರಿಂದ ಬೆವರು ಬೇಗ ಆವಿಯಾಗಿ ಚರ್ಮವನ್ನು ತಂಪಾಗಿಡುತ್ತದೆ. ಕಾದ ಕಲ್ಲಿಗೆ ನೀರು ಹೊಯ್ದೊಡನೆ ಲೆಕ್ಕ ಬದಲಾಗುತ್ತದೆ. ಎದ್ದ ಹಬೆ ಚರ್ಮಕ್ಕೆ ತಾಗಿ ನೀರಾಗುತ್ತದೆ, ನೀರಾಗುವಾಗ ತನ್ನೊಳಗಿನ ಶಾಖವನ್ನು ನಮಗೆ ಬಿಟ್ಟುಕೊಡುತ್ತದೆ. ಅಷ್ಟು ಹೊತ್ತು ಬೆವರು ಆರುವ ದಾರಿಯೂ ಕಟ್ಟಿಹೋಗುತ್ತದೆ. ಫಿನ್ನರು ‘ಲೋಯ್ಲು’ ಎಂದು ಕರೆದು ಆಸೆಪಡುವ ಹಬೆಯ ಅಲೆ ಇದೇ. ಒಂದು ಸೌಟು ನೀರಿಗೆ ಬೆನ್ನು ಜುಮ್ಮೆನ್ನುತ್ತದೆ, ಸ್ವಲ್ಪದರಲ್ಲೇ ಹಿತವಾಗಿ ಇಳಿಯುತ್ತದೆ. ಇಳಿಯಲು ಬಿಡದೆ ಹೊಯ್ಯುತ್ತಲೇ ಹೋದರೆ ಹೈನೋಲದಲ್ಲಿ ಆದದ್ದೇ ಆಗುತ್ತದೆ. ಆದ್ದರಿಂದ ನೀರು ಹೊಯ್ಯುವ ಮೊದಲು ಜೊತೆಗಿದ್ದವರನ್ನು ಕೇಳಿ. ಒಲೆಯ ಮೇಲೆ ಬಾಗಿ ಹೊಯ್ಯಬೇಡಿ, ಪಕ್ಕಕ್ಕೆ ಸರಿದು ಸ್ವಲ್ಪ ಸ್ವಲ್ಪವೇ ಹೊಯ್ಯಿರಿ; ಏಳುವ ಹಬೆ ಕೈಯನ್ನೂ ಮುಖವನ್ನೂ ಸುಡಬಲ್ಲದು.

ಸೌನಾದಲ್ಲಿ ಕೂರುವ ಹಲಗೆಗಳು ಮೆಟ್ಟಿಲಿನಂತೆ ಮೇಲೆ ಕೆಳಗೆ ಇರುತ್ತವೆ. ಬಿಸಿಗಾಳಿ ಮೇಲೇರುತ್ತದೆ, ಆದ್ದರಿಂದ ಮೇಲಿನ ಹಲಗೆಯೇ ಅತಿ ಬಿಸಿ. ಹೊಸಬರು ಕೆಳಗಿನ ಹಲಗೆಯಲ್ಲಿ ಐದರಿಂದ ಹತ್ತು ನಿಮಿಷ ಕುಳಿತರೆ ಸಾಕು. ಕೆಳಗೆ ಕುಳಿತವರನ್ನು ಕೀಳಾಗಿ ನೋಡುವವರಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ. ಹೊರಬಂದು ತಂಪಾಗಿ, ನೀರು ಕುಡಿದು, ಮನಸ್ಸಿದ್ದರೆ ಮತ್ತೆ ಒಳಗೆ ಹೋಗಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ, ಎದೆ ವಿಪರೀತ ಬಡಿದುಕೊಂಡರೆ ಆ ಕ್ಷಣವೇ ಹೊರಗೆ. ಆದರೆ ದಡಕ್ಕನೆ ನಿಲ್ಲಬೇಡಿ. ಶಾಖಕ್ಕೆ ರಕ್ತನಾಳಗಳು ಹಿಗ್ಗಿರುತ್ತವೆ. ಒಮ್ಮೆಲೇ ಎದ್ದರೆ ರಕ್ತದೊತ್ತಡ ಕುಸಿದು ಬೀಳುವ ಅಪಾಯವಿದೆ. ಕೆಳಗಿನ ಹಲಗೆಗೆ ಇಳಿದು, ಕ್ಷಣ ಕುಳಿತು, ನಂತರ ಏಳಿ.

ಫಿನ್ನರ ಹಳೆಯ ಮಾತೊಂದಿದೆ: ಚರ್ಚಿನಲ್ಲಿರುವಂತೆ ಸೌನಾದಲ್ಲಿಯೂ ಇರಬೇಕು. ಹಿಂದೆ ಅಲ್ಲಿನ ಹೆಂಗಸರ ಹೆರಿಗೆ ಸೌನಾದಲ್ಲೇ ಆಗುತ್ತಿತ್ತು, ತೀರಿಕೊಂಡವರ ದೇಹವನ್ನು ತೊಳೆಯುತ್ತಿದ್ದದ್ದೂ ಅಲ್ಲೇ. 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಈ ಸಂಸ್ಕೃತಿಯನ್ನು. ಇಂಥ ಜಾಗಕ್ಕೆ ನಾವು ಗಡಿಯಾರ ಹಿಡಿದು ಹೋಗುತ್ತೇವೆ!

ಅಧ್ಯಕ್ಷರು ಸಮಯ ಮುಗಿಯುತ್ತಿದೆಯೆಂದು ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮದ್ಯ ಕುಡಿದು ಒಳಗೆ ಹೋಗಬೇಡಿ. ರಕ್ತದೊತ್ತಡ ಕುಸಿಯುವುದು, ಹೃದಯದ ಲಯ ತಪ್ಪುವುದು, ನಿದ್ದೆ ಹೋಗಿಬಿಡುವುದು, ಎಲ್ಲವೂ ಅದರಿಂದ ಹೆಚ್ಚುತ್ತವೆ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ವಿಶ್ರಾಂತಿಯಲ್ಲಿದ್ದಾಗಲೂ ಎದೆನೋವು ಬರುತ್ತಿದ್ದರೆ ಸೌನಾ ಬೇಡ. ಗರ್ಭಿಣಿಯರು, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ನಿರ್ಧರಿಸಿ. ಬೆವರಿನೊಂದಿಗೆ ವಿಷವೆಲ್ಲ ಹೊರಹೋಗುತ್ತದೆ ಎಂಬುದನ್ನು ನಂಬಬೇಡಿ, ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ. ಉಂಗುರ, ಸರ ತೆಗೆದಿಡಿ. ಲೋಹ ಕಾದು ಚರ್ಮ ಸುಡುತ್ತದೆ.

ಸೌನಾ ಕಟ್ಟಿಸುವವರಿಗೆ ಇನ್ನೆರಡು ಮಾತು. ನದಿಯಲ್ಲಿ ಸಿಕ್ಕ ಕಲ್ಲನ್ನು ಒಲೆಗೆ ಹಾಕಬೇಡಿ, ಕಾದಾಗ ಸಿಡಿಯಬಹುದು. ಸೌನಾಕ್ಕೆಂದೇ ಮಾರುವ ಕಲ್ಲನ್ನು ತನ್ನಿ, ವರ್ಷಕ್ಕೊಮ್ಮೆ ತೆಗೆದು ಒಡೆದದ್ದನ್ನು ಬದಲಿಸಿ. ಒಲೆಯ ಮೇಲ್ಗಡೆ ಬಟ್ಟೆ ಒಣಹಾಕಬೇಡಿ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಚಿಲಕ ಬೇಡವೇ ಬೇಡ. ಒಳಗಿನವರು ತಳ್ಳಿದರೆ ಸಾಕು, ತೆರೆದುಕೊಳ್ಳಬೇಕು.

ಪ್ರಶ್ನೆಗಳಿದ್ದರೆ ಕೇಳಿ.