ಮನೆಗೆ ಬಣ್ಣ ಆರಿಸುವುದಿದ್ದರೆ ಆಷಾಢದಲ್ಲಿ ಆರಿಸಿ

ನಮಸ್ಕಾರ. ನನ್ನ ಮಾತಿನ ಹಿಂದೆ ಒಂದೇ ಸಮನೆ ಕೇಳಿಸುತ್ತಿರುವುದು ಹೆಂಚಿನ ಮೇಲೆ ಬೀಳುತ್ತಿರುವ ಪುನರ್ವಸು ಮಳೆಯ ಸದ್ದು. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಬಿಸಿಲು ಕಂಡು ಇಂದಿಗೆ ಒಂಬತ್ತು ದಿನವಾಯಿತು. ಮನೆಯ ಒಳಹೊರಗನ್ನು ಹೊಸದಾಗಿ ಕಾಣುವಂತೆ ಮಾಡುವ ವಿಚಾರವನ್ನು ಇಂಥ ಹೊತ್ತಿನಲ್ಲಿ ಎತ್ತಿಕೊಂಡಿದ್ದಕ್ಕೆ ಕಾರಣವಿದೆ. ಮಲೆನಾಡಿನಲ್ಲಿ ಬಣ್ಣ, ಕಪಾಟು, ಪರದೆ, ಅಂಗಳದ ಹಾಸು ಎಲ್ಲವನ್ನೂ ನಾವು ಅಡಿಕೆ ಮಾರಿದ ಹಣ ಕೈಗೆ ಬಂದ ಮೇಲೆ, ಚಳಿಗಾಲ ಮುಗಿದು ಬೇಸಿಗೆ ಏರುವ ಒಣ ದಿನಗಳಲ್ಲಿ ಆರಿಸುತ್ತೇವೆ. ಕೆಲಸ ಮಾಡಿಸಲು ಅದೇ ಸರಿಯಾದ ಕಾಲ. ಆದರೆ ಏನು ಮಾಡಿಸಬೇಕೆಂದು ತೀರ್ಮಾನಿಸಬೇಕಾದದ್ದು ಗೋಡೆ ಬೆವರುವ, ಬಟ್ಟೆ ಒಣಗದ, ಹಗಲಲ್ಲೂ ದೀಪ ಹಾಕಬೇಕಾದ ಆಷಾಢದಲ್ಲಿ ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಸಾಕಷ್ಟು ಹಣ ತೆತ್ತಿದ್ದೇನೆ. ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳಿನಲ್ಲಿ, ನಡುಮನೆಯ ಬಡಗಣ ಗೋಡೆಗೆ ಬೂದು ಬಣ್ಣದ ವಾಲ್‌ಪೇಪರ್ ಅಂಟಿಸಿ, ಅದರ ಕೆಳಗೆ ಒತ್ತುಹಲಗೆಯ (ಪಾರ್ಟಿಕಲ್ ಬೋರ್ಡ್) ಒಂದು ಉದ್ದನೆಯ ಕಪಾಟನ್ನು ಗೋಡೆಗೆ ತಾಗಿಸಿ ಕೂರಿಸಿದೆವು. ಏಪ್ರಿಲ್‌ನಲ್ಲಿ ಬಂದ ನೆಂಟರೆಲ್ಲ ಹೊಗಳಿದರು. ಜುಲೈ ಕೊನೆಯಲ್ಲಿ ಕಾಗದದ ಒಂದು ಮೂಲೆ ಬೆರಳುಗುರಿನಷ್ಟು ಎದ್ದಿತು. ಹಿಡಿದು ಎಳೆದರೆ ಹಾಳೆಗೆ ಹಾಳೆಯೇ ಕಳಚಿ ಬಂತು. ಹಿಂದೆ ಕಪ್ಪು ಹಸಿರಿನ ಬೂಸ್ಟು, ಹಳೆಯ ಗೋಣಿಚೀಲದ ವಾಸನೆ. ಕಪಾಟಿನ ತಳದ ಹಲಗೆ ನೆನೆದ ರಸ್ಕಿನಂತೆ ಉಬ್ಬಿ, ಬಾಗಿಲು ಹಾಕಲು ಬಾರದಂತಾಗಿತ್ತು. ಕೆಲಸ ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, ‘ಮಳೆಗಾಲ ಅಲ್ವಾ ಸಾರ್, ಬೇಸಿಗೆಗೆ ಸರಿಹೋಗುತ್ತೆ’ ಎಂದರು. ಸುಳ್ಳೇನೂ ಹೇಳಲಿಲ್ಲ, ಆದರೆ ಬೇಸಿಗೆಗೆ ಇನ್ನೂ ಆರು ತಿಂಗಳಿತ್ತು.

ಹೀಗಾದದ್ದಕ್ಕೆ ಆ ಕಾಗದವನ್ನೇ ದೂರುವಂತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಪೇಟೆಯ ಮಹಡಿಯಲ್ಲಿ ಹತ್ತು ವರ್ಷ ಬಾಳುವ ವಸ್ತು ಘಟ್ಟದ ಅಂಚಿನ ಮನೆಯಲ್ಲಿ ಒಂದು ಮಳೆಗಾಲ ದಾಟದಿರುವುದು ಇದರಿಂದಲೇ. ಮಣ್ಣಿನ ಅಥವಾ ಜಂಬಿಟ್ಟಿಗೆಯ ಹಳೆಯ ಗೋಡೆ ಅಡಿಪಾಯದಿಂದ ನೀರನ್ನು ಬತ್ತಿಯಂತೆ ಮೇಲಕ್ಕೆ ಹೀರಿಕೊಂಡು, ಮೈಯಿಂದ ನಿಧಾನವಾಗಿ ಗಾಳಿಗೆ ಬಿಡುತ್ತಿರುತ್ತದೆ. ಆ ಮೈಯ ಮೇಲೆ ಪ್ಲಾಸ್ಟಿಕ್ ಅಂಶದ ಬಣ್ಣವನ್ನೋ ಕಾಗದವನ್ನೋ ಹೊದಿಸಿದರೆ ನೀರು ಹೊರಹೋಗುವ ದಾರಿ ಕಾಣದೆ ಹೊದಿಕೆಯನ್ನೇ ತಳ್ಳುತ್ತದೆ. ನಾವು ಬಣ್ಣ ಹಪ್ಪಳವೆದ್ದಿದೆ ಎನ್ನುತ್ತೇವೆ.

ಹಿರಿಯರು ಸುಣ್ಣ ಹೊಡೆಯುತ್ತಿದ್ದದ್ದು ಬಡತನಕ್ಕೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಅರಳಿಸಿದ ಸುಣ್ಣ ಗೋಡೆಯ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಆದರೂ ಗೋಡೆಯ ಉಸಿರು ಕಟ್ಟಿಸುವುದಿಲ್ಲ. ಅದರ ಕ್ಷಾರಗುಣದಿಂದ ಬೂಸ್ಟು ಬೇಗ ಹತ್ತುವುದೂ ಇಲ್ಲ. ಒಂದು ಎಚ್ಚರಿಕೆ ಹೇಳಬೇಕು: ಹಳೆಯ ಎಮಲ್ಷನ್ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ, ಅದನ್ನು ಪೂರ್ತಿ ಕೆರೆದು ತೆಗೆದು, ಗೋಡೆಗೆ ನೀರು ಚಿಮುಕಿಸಿ, ಹಾಲಿನಷ್ಟು ತೆಳುವಾಗಿ ಎರಡು ಮೂರು ಸಲ ಹೊಡೆಯಬೇಕು. ಸುಟ್ಟ ಸುಣ್ಣವನ್ನು ಮನೆಯಲ್ಲೇ ಅರಳಿಸುವವರು ಅದು ಕುದಿಯುವಾಗ ಕಣ್ಣನ್ನು ದೂರವಿಡಬೇಕು. ಮೈತಾಗಿದರೆ ಬಟ್ಟೆಗೆ ಬಿಳಿ ಹತ್ತುತ್ತದೆ, ಒಪ್ಪುತ್ತೇನೆ. ನನ್ನ ಪಾಲಿಗೆ ಅದು ಬೂಸ್ಟಿಗಿಂತ ವಾಸಿ.

ಬಣ್ಣದ ವಿಷಯದಲ್ಲಿ ನನ್ನ ತಕರಾರು ಇನ್ನೂ ಮುಂದೆ ಹೋಗುತ್ತದೆ. ಈಗ ಎಲ್ಲ ಕಡೆ ಬೂದು ಬಣ್ಣದ ಹುಚ್ಚು. ಬಿಸಿಲು ರಾಚುವ ಊರಿನಲ್ಲಿ ಅದು ಕಣ್ಣಿಗೆ ತಂಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಬೂದಿಯ ಬಣ್ಣಕ್ಕೆ ತಿರುಗುವ ನಮ್ಮಲ್ಲಿ, ಮರಗಳ ಹಸಿರನ್ನು ದಾಟಿ ಒಳಬರುವ ಮಂಕು ಬೆಳಕಿನಲ್ಲಿ, ಅದೇ ಗೋಡೆ ಜ್ವರ ಬಂದವರ ಮುಖದಂತೆ ಕಾಣುತ್ತದೆ. ಕಾವಿಯ ಕೆಂಪು, ಕೆಮ್ಮಣ್ಣಿನ ಕಂದು, ಕೆನೆಬಿಳುಪು ಇವು ಈ ಬೆಳಕಿಗೆ ಹೊಂದುತ್ತವೆ. ನಂಬಿಕೆ ಬಾರದಿದ್ದರೆ ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಗೆ ಬರೆಯುವ ಹಸೆ ಚಿತ್ತಾರವನ್ನು ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ; ಪುಂಡಿನಾರಿನ ಕುಂಚದಲ್ಲಿ ಎಳೆದ, ಅಳತೆಪಟ್ಟಿ ಇಟ್ಟಂತೆ ನೇರವಾದ ಗೆರೆಗಳು. ಮಬ್ಬುಗತ್ತಲ ಕೋಣೆಯಲ್ಲೂ ಆ ಬಿಳಿ ಗೆರೆ ಎದ್ದು ಕಾಣುತ್ತದೆ. ಅದೇ ಚಿತ್ತಾರವನ್ನು ಸ್ಟಿಕ್ಕರ್ ಮಾಡಿ ಅಂಟಿಸುವವರನ್ನು ಕಂಡರೆ ನನಗೆ ಸಮಾಧಾನವಿಲ್ಲ. ಬರೆಯಬಲ್ಲ ಕೈಗಳು ನಮ್ಮ ಜಿಲ್ಲೆಯಲ್ಲೇ ಇರುವಾಗ ಅವರಿಗೆ ತಕ್ಕ ಕೂಲಿ ಕೊಟ್ಟು, ಒಣಗಿರುವ ಒಳಗೋಡೆಯೊಂದರಲ್ಲಿ ಬರೆಸಬಹುದು, ಗೋಡೆ ಒದ್ದೆಯಾದರೆ ಹಲಗೆಯ ಮೇಲೆ ಬರೆಸಿ ತೂಗುಹಾಕಬಹುದು.

ಬೆಳಕಿಗೆ ಹೆಚ್ಚು ಖರ್ಚಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬಂದ ಆ ಹೆಂಚಿನ ದೊಡ್ಡ ಅನುಕೂಲವೆಂದರೆ ಬೇಕಾದ ಒಂದನ್ನು ಮಾತ್ರ ತೆಗೆದು ಆ ಜಾಗಕ್ಕೆ ಗಾಜಿನ ಹೆಂಚು ಕೂರಿಸಬಹುದು. ಅಡುಗೆಮನೆಗೆ ಎರಡು, ನಡುಮನೆಗೆ ಒಂದು ಸಾಕು. ಇಷ್ಟು ಸುಲಭದ ದಾರಿಯಿರುವಾಗ ಜಿಪ್ಸಮ್ ಹಲಗೆಯ ಸುಳ್ಳು ಮಾಳಿಗೆ ಕಟ್ಟಿ, ಅದರಲ್ಲಿ ಹನ್ನೆರಡು ದೀಪ ಹುಗಿಯುವುದು ಏಕೆ? ಒಡೆದ ಹೆಂಚು ಎಲ್ಲಿದೆ ಎಂದು ಹುಡುಕುವ ದಿನ ಆ ಮಾಳಿಗೆಯನ್ನು ಮಾಡಿಸಿದವರೇ ಶಪಿಸುತ್ತಾರೆ.

ಇನ್ನು, ಯಾವ ವಿನ್ಯಾಸಕಾರರೂ ನಕ್ಷೆಯಲ್ಲಿ ಬರೆಯದ ಒಂದು ವಿಷಯ: ಒದ್ದೆ ಬಟ್ಟೆ. ನಾಲ್ಕು ತಿಂಗಳು ನಮ್ಮ ಮನೆಗಳ ನಿಜವಾದ ಅಲಂಕಾರ ಅದೇ. ಐವತ್ತು ಸಾವಿರದ ಸೋಫಾದ ನೆತ್ತಿಯ ಮೇಲೆ ಹಗ್ಗ ಕಟ್ಟಿ ಪಂಚೆ, ಪೆಟಿಕೋಟು ನೇತುಹಾಕಿದ ನಡುಮನೆಗಳನ್ನು ನಾನು ಕಂಡಿದ್ದೇನೆ, ನಮ್ಮದೂ ಅದರಲ್ಲೊಂದು. ಹಿಂದೆ ಬಚ್ಚಲ ಒಲೆಯ ಮೇಲೆ ಕಟ್ಟಿದ ಗಳುವಿನಲ್ಲಿ ಹೊಗೆಯ ವಾಸನೆಯೊಂದಿಗಾದರೂ ಬಟ್ಟೆ ಒಣಗುತ್ತಿತ್ತು. ಗೀಸರ್ ಬಂದ ಮೇಲೆ ಆ ಒಲೆಯೂ ಹೋಯಿತು, ಬಟ್ಟೆ ಸೋಫಾದ ಬಳಿಗೆ ಬಂತು. ಹಾಗಾಗಿ ಮನೆ ನವೀಕರಿಸುವವರಿಗೆ ನನ್ನ ಮೊದಲ ಸಲಹೆ, ಹಿಂದಿನ ಜಗಲಿಯಲ್ಲೋ ಒಲೆ ಇನ್ನೂ ಉಳಿದಿರುವ ಬಚ್ಚಲಿನಲ್ಲೋ ಗಾಳಿಯಾಡುವಂತೆ ಗಳುಗಳ ಸಾಲೊಂದನ್ನು ಕಟ್ಟಿಸಿ, ನಂತರ ಸೋಫಾದ ಬಣ್ಣ ನೋಡಿ ಎಂಬುದು. ಉಳಿದ ಪೀಠೋಪಕರಣಗಳ ಬಗ್ಗೆ ಹೇಳುವುದು ಕಡಿಮೆ: ಕಾಲಿರುವುದನ್ನೇ ಕೊಳ್ಳಿ, ಗೋಡೆಯಿಂದ ಒಂದು ಗೇಣು ಈಚೆಗಿಡಿ, ದಪ್ಪ ಪರದೆಯನ್ನು ಮಳೆಗಾಲಕ್ಕೆ ಮುಂಚೆ ಬಿಚ್ಚಿ ಒಳಗಿಡಿ.

ಹೊರಗೆ ಬಂದರೆ ಅಂಗಳ. ಇದನ್ನು ಇಂಟರ್‌ಲಾಕ್ ಕಲ್ಲಿನಿಂದ ಮುಚ್ಚಿಸುವುದು ಈಗ ಪ್ರತಿಷ್ಠೆಯ ಕೆಲಸವಾಗಿದೆ. ಕೆಸರಿಲ್ಲ ಎಂಬುದು ಅವರ ವಾದ, ಅದು ನಿಜ. ಆದರೆ ನೆರಳಿನಲ್ಲಿ ಒಂದೇ ತಿಂಗಳಿಗೆ ಪಾಚಿ ಹತ್ತಿ, ವಯಸ್ಸಾದವರು ಕಾಲಿಡಲು ಹೆದರುವಂತಾಗುತ್ತದೆ. ಮಣ್ಣಿನ ಅಂಗಳ ವರ್ಷಕ್ಕೆ ಎರಡು ವೇಷ ಹಾಕುತ್ತಿತ್ತು. ಮಳೆಗೆ ಮುಂಚೆ ಅಡಿಕೆ ಸೋಗೆ ಹಾಸಿ, ಓಡಾಡುವಷ್ಟು ಜಾಗಕ್ಕೆ ಹಾಸುಗಲ್ಲು; ದೀಪಾವಳಿ ಕಳೆದ ಮೇಲೆ ಕೆತ್ತಿ, ಬಡಿದು, ಸಗಣಿ ಸಾರಿಸಿದ ನುಣುಪು ನೆಲ, ಅದರ ಮೇಲೆ ಅಡಿಕೆ ಚಪ್ಪರ. ಇಷ್ಟು ಕೆಲಸಕ್ಕೆ ಇಂದು ಆಳು ಸಿಗುವುದಿಲ್ಲ ಎಂಬುದು ನನಗೂ ಗೊತ್ತಿದೆ. ನಾವು ಮಾಡಿಕೊಂಡಿರುವುದು ಇಷ್ಟೇ: ಬಾಗಿಲಿನಿಂದ ಗೇಟಿನವರೆಗೆ ಒರಟು ಮೈಯ ಕಲ್ಲು, ಉಳಿದದ್ದು ಮಣ್ಣು, ಸೂರಿನ ನೀರು ಬೀಳುವ ಗೆರೆಯಲ್ಲಿ ಜಲ್ಲಿಕಲ್ಲು ತುಂಬಿದ ಕಿರುಚರಂಡಿ. ಈ ಚರಂಡಿ ಆದ ಮೇಲೆ ಗೋಡೆಯ ಬುಡಕ್ಕೆ ಕೆಸರು ಸಿಡಿಯುವುದು ನಿಂತಿತು, ಬಡಗಣ ಗೋಡೆಯ ತೇವವೂ ಒಂದು ಮೊಳ ಇಳಿಯಿತು. ಮೂರು ವರ್ಷದಲ್ಲಿ ಮನೆಯ ಒಳಗನ್ನು ಚೆಂದಗಾಣಿಸಿದ ಕೆಲಸ ಇದೇ ಎಂದರೆ ಅಲಂಕಾರದ ಅಂಗಡಿಯವರು ನಗಬಹುದು.

ಅಂಗಳದ ಅಂಚಿಗೆ ಏನು ನೆಡಬೇಕೆಂದು ಮಲೆನಾಡಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೆಕ್ಸಿಕೋ ದೇಶದ ಡಾಲಿಯಾ ಇಲ್ಲಿಗೆ ಬಂದು ಡೇರೆಯಾಗಿ, ಗೊಬ್ಬರದ ಚೀಲದಲ್ಲಿ, ತಳ ತೂತಾದ ಬಕೆಟಿನಲ್ಲಿ ಸಂಸಾರ ಹೂಡಿದೆ. ಬೇರೆ ಹೂಗಳು ಮಳೆಗೆ ಸೋತು ಮಲಗುವ ಶ್ರಾವಣದಲ್ಲಿ ಅದು ತಟ್ಟೆಯಗಲ ಅರಳುತ್ತದೆ. ಗೆಡ್ಡೆ ನಿಂತ ನೀರಿಗೆ ಕೊಳೆಯುವುದರಿಂದ ಚೀಲವನ್ನು ಸೂರಂಚಿನಿಂದ ಈಚೆಗೆ, ಎರಡು ಇಟ್ಟಿಗೆಯ ಮೇಲೆ ಇಟ್ಟು, ಗಿಡಕ್ಕೊಂದು ಗೂಟ ಕೊಡಬೇಕು. ಅಂಗಡಿಯಲ್ಲಿ ಕೊಂಡ ಡೇರೆಗೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಯಾರ ಮನೆಯ ಹಿಳ್ಳು, ಅಂದರೆ ಬುಡದ ಮರಿ, ಎಂದು ಹೇಳಲು ಬರಬೇಕು. ಮೇಲಿನ ಮನೆಯ ಅಕ್ಕ ಕಡುಗೆಂಪಿನದೊಂದು ಹಿಳ್ಳು ತೆಗೆದಿಟ್ಟಿದ್ದೇನೆ ಎಂದು ಸೋಮವಾರವೇ ಹೇಳಿ ಕಳಿಸಿದ್ದಾರೆ. ಜಗಲಿಯ ತುದಿಯಲ್ಲಿ ಎರಡು ಇಟ್ಟಿಗೆ ಜೋಡಿಸಿ ಜಾಗ ಮಾಡಿದ್ದೇನೆ. ನಾಳೆ ಒಂದು ಗಳಿಗೆ ಹೊಳವಾದರೆ ಹೋಗಿ ತರುತ್ತೇನೆ.